ಡ್ರಿಲ್ ಮೇಷ್ಟ್ರ ಕೆಮ್ಮು

ಡ್ರಿಲ್ ಮೇಷ್ಟ್ರು ಸಿದ್ದರಾಜು ಬೆಳ್ಳಂಬೆಳಿಗ್ಗೆ ಬನಿಯನ್ನು ತೊಟ್ಟು ಅಂಗಳದಲ್ಲಿ ಬಸ್ಕಿ ಹೊಡೆಯುತ್ತಿದ್ದುದೇ ಎಲ್ಲ ಅನಾಹುತಕ್ಕೂ ಮೂಲವಾಯಿತು.

ಬೆಂಗಳೂರಿಗೆ ಹತ್ತಿರದ ವಿಜಯಪುರದಲ್ಲಿ, ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಶೆಡ್ಡುಗಳ ಹಿಂದಿನ ಬೀದಿಯಲ್ಲಿ ಅವನದೊಂದು ಬಾಡಿಗೆ ಮನೆ. ಮನೆ ಅಂಥ ದೊಡ್ಡದೇನಲ್ಲ. ಆದರೆ ಮುಂದೆ ಅಂಗಳವಿತ್ತು, ಅಂಗಳದಲ್ಲಿ ನುಗ್ಗೆಮರವಿತ್ತು, ನುಗ್ಗೆಮರದ ಕೆಳಗೆ ಕೈಕಾಲು ಆಡಿಸುವಷ್ಟು ಜಾಗವಿತ್ತು. ಮಗಳು ಹುಟ್ಟಿದ್ದು, ತೆವಳಿದ್ದು, ಮೊದಲು ಬಿದ್ದು ಮೊಣಕಾಲು ತರಚಿಕೊಂಡಿದ್ದು ಎಲ್ಲ ಅಲ್ಲೇ. ಅದು ಬಾಡಿಗೆ ಮನೆ ಎಂಬುದೇ ಅವನಿಗೆ ಮರೆತುಹೋಗಿತ್ತು. ನೆನಪಿಸಿದವರು ಮನೆಯ ಒಡತಿ ನಾರಾಯಣಮ್ಮ. ದೊಡ್ಡಬಳ್ಳಾಪುರದಲ್ಲಿ ಮಗಳ ಮನೆಯಲ್ಲಿದ್ದ ಆಕೆ ಒಂದು ದಿನ ಫೋನು ಮಾಡಿದರು.

"ಸಿದ್ದರಾಜು, ಬೇಜಾರು ಮಾಡ್ಕೋಬೇಡಪ್ಪ. ಆ ಮನೆ ಮಾರ್ಬಿಡೋಣ ಅಂತಿದ್ದೀನಿ. ಇಲ್ಲೇ ಮಗಳ ಮಗ್ಗುಲಲ್ಲಿ ಒಂದು ಸಣ್ಣ ಮನೆ ಮಾರಾಟಕ್ಕೆ ಬಂದದೆ. ಈ ರೋಗ ಬಂದ್ಮೇಲೆ ಮನೆಯೋರು ಒಬ್ಬೊಬ್ರು ಒಂದೊಂದು ಊರಲ್ಲಿ ಇರೋದು ಬ್ಯಾಡ ಅನಿಸ್ಬಿಟ್ಟದೆ. ನೋಡೋಕೆ ಬಂದೋರಿಗೆ ಸ್ವಲ್ಪ ಬಾಗ್ಲು ತೆಗೆದು ತೋರಿಸಪ್ಪ."

"ಅಯ್ಯೋ, ಅದಕ್ಕೇನಮ್ಮ, ತೋರಿಸ್ತೀನಿ ಬಿಡಿ," ಎಂದುಬಿಟ್ಟ ಸಿದ್ದರಾಜು. ಶಾಲೆಯ ಮೈದಾನದಲ್ಲಿ ಒಂದು ಸೀಟಿಗೆ ಇಡೀ ಶಾಲೆಯನ್ನೇ ನಿಲ್ಲಿಸುವ ಗಂಡಸು. ಎದುರಿಗಿದ್ದವರು ಮೆತ್ತಗೆ ಮಾತಾಡಿದರೆ ಮಾತ್ರ ಅವನಿಗೆ ಸೀಟಿಯೂ ಬರುತ್ತಿರಲಿಲ್ಲ, 'ಇಲ್ಲ' ಎಂಬ ಮಾತೂ ಬರುತ್ತಿರಲಿಲ್ಲ.

ಮಾರಿಸಿಕೊಡುವ ಹೊಣೆ ಹೊತ್ತವನು ನವೀನ್‌ಕುಮಾರ್. ಮೊದಲು ಮದುವೆ ವಿಡಿಯೊ ತೆಗೆಯುತ್ತಿದ್ದವನು. ಕೊರೊನಾ ಬಂದು ಮದುವೆಗಳು ಹಿತ್ತಿಲಿಗೆ ಬಂದ ಮೇಲೆ ಕ್ಯಾಮೆರಾ ಮನೆಗಳತ್ತ ತಿರುಗಿತ್ತು. ಬೆಂಗಳೂರಿನವರು ಈಗ ಮೊದಲಿನಂತೆ ಹೆಂಡತಿ, ಮಾವ, ವಾಸ್ತು ಹೇಳುವವರನ್ನೆಲ್ಲ ಕಾರಿನಲ್ಲಿ ತುಂಬಿಕೊಂಡು ನಾಲ್ಕು ಸಲ ಬಂದು ನೋಡುತ್ತಿರಲಿಲ್ಲ. ಫೋನಿನಲ್ಲೇ ನೋಡಿ, ಫೋನಿನಲ್ಲೇ ಒಪ್ಪಿ, ಫೋನಿನಲ್ಲೇ ಮುಂಗಡ ಕಳಿಸುತ್ತಿದ್ದರು. ಕೇಳುವ ಪ್ರಶ್ನೆಗಳೂ ಬದಲಾಗಿದ್ದವು. ನಲ್ಲಿ ನೀರು ಯಾವಾಗ ಬರುತ್ತದೆ ಎಂದು ಕೇಳುವವರೇ ಇಲ್ಲ. ಬಾಗಿಲು ಹಾಕಿಕೊಂಡು ಆಫೀಸು ಕೆಲಸ ಮಾಡಲು ಒಂದು ರೂಮಿದೆಯೆ? ನೆಟ್ ಸಿಗುತ್ತದೆಯೆ? ಗಾಳಿ ಆಡುತ್ತದೆಯೆ? ಪಕ್ಕದ ಮನೆಯವರು ಸೀನಿದರೆ ನಮ್ಮ ಮನೆಗೆ ಬಂದು ಬೀಳುತ್ತದೆಯೆ?

ನವೀನ್‌ಕುಮಾರ್ ಅಂಥವರಿಗಾಗಿ ಈ ಮನೆಯ ವಿಡಿಯೊ ಮಾಡಿದ. ಕೈಗೆ ಹತ್ತಿದ ಅಭ್ಯಾಸ ಬಿಡಬೇಕಲ್ಲ! ಗೇಟು ಮದುಮಗಳ ಹಾಗೆ ನಿಧಾನಕ್ಕೆ ತೆರೆದುಕೊಂಡಿತು. ಹಿಂದೆ ನಾದಸ್ವರ. ಬಚ್ಚಲುಮನೆಯ ಬಾಗಿಲ ಮೇಲೆ ಗುಲಾಬಿ ಎಸಳುಗಳು ಉದುರಿದವು. ಅಂಗಳದ ನುಗ್ಗೆಮರದ ಕೆಳಗೆ ಬಸ್ಕಿ ಹೊಡೆಯುತ್ತಿದ್ದ ಸಿದ್ದರಾಜುವನ್ನೂ ಬಿಡದೆ ಹಿಡಿದು, ಅವನ ಕಾಲ ಕೆಳಗೆ 'ಆರೋಗ್ಯಕರ ವಾತಾವರಣ' ಎಂದು ಬರೆದ. ಅಲ್ಲಿಗೆ ಆಯಿತು. ಒಂದೂವರೆ ವರ್ಷ ಫ್ಲಾಟಿನೊಳಗೆ ಕೂತು ಸೊಂಟ ಹಿಡಿಸಿಕೊಂಡಿದ್ದ ಬೆಂಗಳೂರಿಗೆ ಆ ಬಸ್ಕಿ ಬಹಳ ಹಿಡಿಸಿತು. ಫೋನುಗಳು ಬರತೊಡಗಿದವು.

"ಮೇಷ್ಟ್ರೇ, ನಾಳೆ ಭಾನ್ವಾರ ಬೆಳಿಗ್ಗೆ ಒಂದು ಪಾರ್ಟಿ ಕರ್ಕೊಂಡ್ ಬರ್ತೀನಿ," ಎಂದ ನವೀನ್‌ಕುಮಾರ್ ಶನಿವಾರ ಸಂಜೆ. "ದೇವೇಂದ್ರ ಅಂತ. ಗಂಡ ಹೆಂಡ್ತಿ ಇಬ್ರೂ ಮನೆಯಿಂದ್ಲೇ ಕೆಲ್ಸ. ಒಂದ್ಸಲ ಕಣ್ಣಲ್ಲಿ ನೋಡ್ಬಿಟ್ರೆ ಮುಗೀತು, ಅಡ್ವಾನ್ಸೇ. ನೀವು ಆ ಬನೀನ್ ಹಾಕ್ಕೊಂಡು ಅಂಗ್ಳದಲ್ಲೇ ಇರಿ ಗುರು, ಎಫೆಕ್ಟ್ ಇರ್ತದೆ."

ಆ ರಾತ್ರಿ ಸಿದ್ದರಾಜು ಒಬ್ಬನೇ ಲೆಕ್ಕ ಹಾಕುತ್ತ ಕೂತ. ಹೆಂಡತಿ ಕವಿತ ಮಗಳನ್ನು ಕರೆದುಕೊಂಡು ಹೊಸಕೋಟೆಯ ತವರಿಗೆ ಹೋಗಿದ್ದಳು. ಶಾಲೆ ಮುಚ್ಚಿ ಸಂಬಳ ಅರ್ಧಕ್ಕಿಳಿದಿತ್ತು. ಬೆಂಗಳೂರಿನವರ ಕಾಟಕ್ಕೆ ವಿಜಯಪುರದಲ್ಲೂ ಬಾಡಿಗೆ ಏರಿತ್ತು. ಇದೇ ಬಾಡಿಗೆಗೆ ಈಗ ಸಿಗುವುದೆಂದರೆ ಯಾರದೋ ಮಹಡಿ ಮೇಲಿನ ತಗಡಿನ ಶೀಟಿನ ರೂಮು. ಇಲ್ಲ ಎಂದು ನಾರಾಯಣಮ್ಮನಿಗೆ ಹೇಳಲು ಬಾಯಿಲ್ಲ. ಬಂದವರು ತಾವಾಗಿಯೇ ಹಿಂದೆ ಹೋಗುವಂತಾದರೆ ತನ್ನದೇನು ತಪ್ಪು?

ಹಾಗೆ ಯೋಚಿಸುತ್ತಿದ್ದಾಗ ಮಗಳ ಚಾರ್ಟ್ ಕಾಗದ ಕಣ್ಣಿಗೆ ಬಿತ್ತು.

ಬೆಳಿಗ್ಗೆ ಎದ್ದವನೇ ಅದರ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ದುಂಡಗೆ ಬರೆದ: 'ಈ ಮನೆಯಲ್ಲಿ ಕೊರೊನಾ ಇದೆ. ದಯವಿಟ್ಟು ಒಳಗೆ ಬರಬೇಡಿ.' ಕಾಗದದ ಮೂಲೆಯಲ್ಲಿ ಮಗಳು ಮೊದಲೇ ಒಂದು ನಗುವ ಸೂರ್ಯನನ್ನು ಬರೆದಿದ್ದಳು. ಅದನ್ನು ಕತ್ತರಿಸಿದರೆ 'ಕೊರೊನಾ'ದ 'ಕೊ' ಹೋಗುತ್ತಿತ್ತು. ಇರಲಿ ಎಂದು ಬಿಟ್ಟ. ಪಾರ್ಟಿ ಬರುವ ಹೊತ್ತಿಗೆ ಗೇಟಿಗೆ ತೂಗುಹಾಕುವುದು, ಹೋದ ಕೂಡಲೇ ತೆಗೆದುಬಿಡುವುದು. ಭಾನುವಾರದ ಬೆಳಿಗ್ಗೆ ಬೀದಿಯವರೆಲ್ಲ ಮಾಂಸದಂಗಡಿಯ ಮುಂದೆ ಇರುತ್ತಾರೆ, ಯಾರು ನೋಡುತ್ತಾರೆ?

ಎದುರು ಮನೆಯ ಗಂಗಲಕ್ಷ್ಮಮ್ಮ ನೋಡಿದಳು. ಅವನು ದಾರ ಕಟ್ಟಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದನೋ ಇಲ್ಲವೋ, ಬೀದಿ ನಡುಗುವಂತೆ ಒಂದು ಕೂಗು ಕೇಳಿತು.

"ಅಯ್ಯಯ್ಯೋ! ಬೈಲಪ್ಪಣ್ಣಾ, ಬಾರಣ್ಣ ಇಲ್ಲಿ! ಮೇಷ್ಟ್ರಿಗೆ ಬಂದ್ಬಿಟ್ಟದಂತೆ!"

ಪಕ್ಕದ ಮನೆಯ ಬೈಲಪ್ಪ ನಿವೃತ್ತ ಬಸ್ ಡ್ರೈವರು. ಮುಖಕ್ಕೆ ಟವೆಲು ಸುತ್ತಿಕೊಂಡು ಕಾಂಪೌಂಡಿನ ಆ ಕಡೆ ಕಲ್ಲು ಹತ್ತಿ ನಿಂತು ತಲೆಯೆತ್ತಿದ.

"ಮೇಷ್ಟ್ರೇ! ಬಸ್ಕಿ ಹೊಡಿಯೋರ ಹತ್ರ ಕೊರೊನಾ ಸುಳಿಯಲ್ಲ ಅಂತಿದ್ರಲ್ಲ ನೀವು! ನಿಮಗೇ ಬಂದ್ರೆ ನಮ್ಮ ಗತಿಯೇನು?"

ಸಿದ್ದರಾಜು ಕಿಟಕಿಯ ಹತ್ತಿರ ಬಂದ. ಈಗಲೇ ನಿಜ ಹೇಳಿಬಿಡಬಹುದಿತ್ತು. ಆದರೆ ಏನೆಂದು? ಅಷ್ಟರಲ್ಲಿ ಆ ಕಡೆ ನವೀನ್‌ಕುಮಾರನ ಕಾರು ಬಂದುಬಿಟ್ಟರೆ? ಅವನು ಕೆಮ್ಮಿದ. ಹುಟ್ಟಿದಾಗಿನಿಂದ ನೆಗಡಿ ಕಂಡವನಲ್ಲ. ಕೆಮ್ಮುವುದು ಹೇಗೆಂದು ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ. ಚಳಿಗಾಲದಲ್ಲಿ ಹಳೇ ಸ್ಕೂಟರಿಗೆ ಕಿಕ್ ಹೊಡೆದಂಥ ಸದ್ದು ಹೊರಟಿತು.

"ಬಲವಾಗೇ ಹಿಡಿದದೆ," ಎಂದ ಬೈಲಪ್ಪ, ಇಂಜಿನ್ನಿನ ಸದ್ದು ಕೇಳಿ ಕಾಯಿಲೆ ಹೇಳುವವನ ಗತ್ತಿನಲ್ಲಿ. "ವಾಸನೆ ಗೊತ್ತಾಗ್ತದಾ? ಈಗ ಶೆಡ್ಡಿಂದ ಹುಳದ ವಾಸನೆ ಬರ್ತಾ ಇದೆಯಲ್ಲ, ಬರ್ತಿದ್ಯಾ ಮೂಗಿಗೆ?"

ಗೂಡು ಬೇಯಿಸುವ ಶೆಡ್ಡುಗಳ ಪಕ್ಕದಲ್ಲಿ ಇಷ್ಟು ವರ್ಷ ಇದ್ದವರಿಗೆ ಆ ವಾಸನೆ ಯಾರಿಗೂ ತಿಳಿಯುವುದಿಲ್ಲ. "ಇಲ್ಲ," ಎಂದ ಸಿದ್ದರಾಜು. ಆ ಬೆಳಿಗ್ಗೆಯಿಂದ ಅವನು ಯಾರಿಗೂ ಹೆದರದೆ ಹೇಳಿದ ನಿಜ ಅದೊಂದೇ.

"ಹೋಯ್ತು! ವಾಸನೆ ಹೋಯ್ತು!" ಎಂದು ಬೈಲಪ್ಪ ಬೀದಿಗೆ ಸಾರಿದ.

ಆಮೇಲೆ ನಡೆದದ್ದೆಲ್ಲ ಇಳಿಜಾರಿನಲ್ಲಿ ಬ್ರೇಕು ಹೋದ ಬಸ್ಸು. ಯಾರೋ ಎರಡು ಬಿದಿರು ತಂದು ಗೇಟಿಗೆ ಅಡ್ಡ ಕಟ್ಟಿದರು. ಯಾರೋ ಬೇವಿನ ಸೊಪ್ಪು ಸಿಕ್ಕಿಸಿದರು. ಇನ್ಯಾರೋ ಅರಿಶಿನದ ನೀರನ್ನು ಗೇಟಿನ ಮೇಲೆ ಸುರಿದು, ಚಾರ್ಟಿನ ಮೇಲಿದ್ದ ಸೂರ್ಯನನ್ನು ಇನ್ನಷ್ಟು ಹಳದಿ ಮಾಡಿದರು. ಆಶಾ ಕಾರ್ಯಕರ್ತೆ ಪ್ರಮೋದಾ ಓಡಿಬಂದು, ಗೇಟಿನ ಸಂದಿಯಲ್ಲಿ ಆಕ್ಸಿಮೀಟರನ್ನು ಕೋಲಿಗೆ ಕಟ್ಟಿ ಒಳಗೆ ಕೊಟ್ಟಳು.

"ಬೆರಳಿಗೆ ಹಾಕ್ಕಳಿ ಸಾರ್. ಎಷ್ಟು ತೋರಿಸ್ತದೆ?"

"ತೊಂಬತ್ತೊಂಬತ್ತು," ಎಂದ ಸಿದ್ದರಾಜು ಕುಗ್ಗಿದ ದನಿಯಲ್ಲಿ.

ಪ್ರಮೋದಾ ಅದನ್ನು ವಾಪಸು ಎಳೆದುಕೊಂಡು, ಒರೆಸಿ, ಕೊಡವಿ, ಬೈಲಪ್ಪನ ಬೆರಳಿಗೆ ಹಾಕಿದಳು. ತೊಂಬತ್ತೈದು. ಬೀದಿಯೆಲ್ಲ ಒಂದು ಕ್ಷಣ ಬೈಲಪ್ಪನನ್ನು ನೋಡಿತು. ಬೈಲಪ್ಪ ಒಂದು ಹೆಜ್ಜೆ ಹಿಂದೆ ಸರಿದು, "ಮಿಷನ್ನೇ ಸರಿ ಇಲ್ಲ ಕಣಮ್ಮ ಇದು," ಎಂದ.

"ಹೊಸ ಜಾತಿದು ಹಂಗೇ ಅಣ್ಣ, ಮೇಲೆ ಚೆನ್ನಾಗೇ ತೋರಿಸ್ತದೆ, ಒಳಗೊಳಗೇ ತಿಂತದೆ," ಎಂದು ಪ್ರಮೋದಾ ತೀರ್ಮಾನ ಕೊಟ್ಟಳು. "ಟೆಸ್ಟ್ ಕಿಟ್ ನಾಳೆ ಬರ್ತದೆ ಸಾರ್. ಅಲ್ಲೀವರ್ಗೂ ಹೊಸಿಲು ದಾಟಬೇಡಿ." ಮಾತ್ರೆಗಳ ಒಂದು ಪೊಟ್ಟಣವನ್ನು ಗೇಟಿನೊಳಕ್ಕೆ ಎಸೆದು, ಪಾಪದ ಕಣ್ಣಿನಿಂದ ಒಮ್ಮೆ ನೋಡಿ ಹೋದಳು.

ಇಷ್ಟರಲ್ಲಿ ಎದುರು ಮನೆಯಿಂದ ಮಟನ್ ಸಾರಿನ ಘಮಲು ಬೀದಿ ದಾಟಿ ಬಂತು. ಗಂಗಲಕ್ಷ್ಮಮ್ಮನ ಮನೆಯ ಸಾರೆಂದರೆ ಆ ಬೀದಿಯ ನಾಯಿಗಳು ಕೂಡ ಭಾನುವಾರವನ್ನು ಲೆಕ್ಕ ಇಟ್ಟುಕೊಂಡು ಕಾಯುವಂಥದ್ದು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಇಲ್ಲದ ಸಿದ್ದರಾಜುವಿನ ಬಾಯಲ್ಲಿ ನೀರೂರಿತು. ಅವಳು ಗೇಟಿನತ್ತ ಬರುವುದನ್ನು ಕಂಡು ಹೊಟ್ಟೆ ಎದ್ದು ಕೂತಿತು. ಕಾಯಿ ಕೀಳುವ ದೋಟಿಯ ತುದಿಗೆ ಸ್ಟೀಲ್ ಕ್ಯಾರಿಯರ್ ಸಿಕ್ಕಿಸಿಕೊಂಡು ಗೇಟಿನ ಮೇಲಿಂದ ಒಳಗೆ ಇಳಿಸಿದಳು.

"ಮೇಷ್ಟ್ರೇ, ಮಟನ್ ಸಾರೇ ತರೋಣ ಅಂದ್ಕೊಂಡೆ. ಆದ್ರೆ ನಿಮಗೆ ವಾಸ್ನೆ ರುಚಿ ಏನೂ ಇಲ್ವಂತೆ. ಸುಮ್ನೆ ತಿಂದು ಯಾಕೆ ಸಂಕಟ ಪಡೋದು ಪಾಪ ಅಂತ ಗಂಜಿ ಮಾಡಿದ್ದೀನಿ. ಉಪ್ಪೂ ಹಾಕಿಲ್ಲ. ಕೆಳಗಿನ ಡಬ್ಬೀಲಿ ಕಷಾಯ ಐತೆ, ಬೇವಿನ ಚಕ್ಕೆದು. ನನ್ನ ಮುಂದೆ ಕುಡೀರಿ, ನೋಡ್ಕೊಂಡು ಹೋಗ್ತೀನಿ."

ಅವನು ಕುಡಿದ. ನಾಲಿಗೆ ಒಳಕ್ಕೆ ಮಡಚಿಕೊಂಡಿತು, ಕಿವಿಗಳು ತಾವಾಗಿಯೇ ಅಲುಗಾಡಿದವು. ಆದರೆ ರುಚಿ ಗೊತ್ತಾಗದವನು ಮುಖ ಕಿವುಚುವಂತಿಲ್ಲ. ಪಾಯಸ ಕುಡಿದವನ ಹಾಗೆ ಮುಖ ಮಾಡಿಕೊಂಡು ನಿಂತ.

"ನೋಡ್ರೀ, ಅಂಥಾ ಕಷಾಯಾನೇ ಗೊತ್ತಾಗ್ತಾ ಇಲ್ಲ ಮನುಷ್ಯಂಗೆ," ಎಂದು ಗಂಗಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಸೆರಗು ಕಣ್ಣಿಗೆ ಹೋದದ್ದೇ ಸಿದ್ದರಾಜು ಖಾಲಿ ಡಬ್ಬಿಯತ್ತ ಕಣ್ಣು ತಗ್ಗಿಸಿದ. ಇವಳ ಜೊತೆ ಕವಿತಳಿಗೆ ಎರಡು ತಿಂಗಳಿಂದ ಮಾತಿರಲಿಲ್ಲ, ರಂಗೋಲಿ ತುಳಿದ ವಿಷಯಕ್ಕೆ.

ಸಪ್ಪಲಮ್ಮ ಬಂದದ್ದು ಆಗ.

ಸಪ್ಪಲಮ್ಮ ಬೀದಿಯ ಕೊನೆಯಲ್ಲಿದ್ದ ಹೂ ಕಟ್ಟಿ ಮಾರುವ ಮುದುಕಿ. ಬುಟ್ಟಿಯನ್ನೂ ಒಂದು ಗೋಣಿತಾಟನ್ನೂ ತಂದು, ಗೇಟಿಗೆ ಎದುರಾಗಿ ಗಂಗಲಕ್ಷ್ಮಮ್ಮನ ಜಗಲಿಯ ಮೇಲೆ ಹಾಸಿಕೊಂಡು ಕೂತು ಹೂ ಕಟ್ಟತೊಡಗಿದಳು.

"ಯಾಕಜ್ಜಿ ಇಲ್ಲಿ? ಹೋಗಮ್ಮ, ನಿನಗೆ ವಯಸ್ಸಾಗದೆ, ಅಂಟ್ಕೊಂಡೀತು," ಎಂದ ಬೈಲಪ್ಪ.

"ಅಂಟ್ಲಿ ಬಿಡಪ್ಪ. ಇನ್ನೇನು ಉಳಿದದೆ ಅಂಟಿಸ್ಕಳಾಕೆ," ಎಂದಳು ಸಪ್ಪಲಮ್ಮ, ಕೈಯ ಹೂವಿನಿಂದ ಕಣ್ಣೆತ್ತದೆ. "ನಮ್ಮ ಯಜಮಾನ್ರು ಆಸ್ಪತ್ರೇಲಿ ಇದ್ದಾಗ ಗೇಟಿನ ತಾವೂ ನನ್ನ ಬಿಡ್ಲಿಲ್ಲ. ಒಳಗೆ ಒಬ್ರೇ ಇದ್ರು. ಹೊರಗೆ ನಾನಿದ್ದೀನಿ ಅನ್ನೋದೂ ಅವರಿಗೆ ಗೊತ್ತಾಗ್ಲಿಲ್ಲ. ಮೇಷ್ಟ್ರ ಹೆಂಡ್ತಿ ಮಗು ಊರಲ್ಲಿಲ್ಲ. ಒಳಗಿರೋರಿಗೆ ಹೊರಗೆ ಯಾರೋ ಕೂತವ್ರೆ ಅಂತ ಗೊತ್ತಿರ್ಬೇಕು. ನಾನು ಕೂತಿರ್ತೀನಿ."

ಕಿಟಕಿಯ ಹಿಂದೆ ನಿಂತಿದ್ದ ಸಿದ್ದರಾಜುವಿಗೆ ಈ ಮಾತು ಕೇಳಿಸಿತು. ಕೇಳಿಸದಿದ್ದರೆ ಚೆನ್ನಾಗಿತ್ತು. ಅವನು ಮೆಲ್ಲಗೆ ನೆಲದ ಮೇಲೆ ಕೂತುಬಿಟ್ಟ. ಆ ಮುದುಕಿ ಮೇ ತಿಂಗಳಲ್ಲಿ ಗಂಡನನ್ನು ಕಳೆದುಕೊಂಡಾಗ ಅವನು ಹೋಗಿ ಮಾತಾಡಿಸಿರಲಿಲ್ಲ. ಭಯಕ್ಕೆ. ತನ್ನ ಆರೋಗ್ಯದ ಭಯಕ್ಕೆ. ಈಗ ಅವಳು ತನ್ನ ಚಾರ್ಟ್ ಕಾಗದಕ್ಕೆ ಕಾವಲು ಕೂತಿದ್ದಳು.

ಫೋನು ಬಡಿದುಕೊಂಡಿತು. ಕವಿತ.

"ರೀ, ಏನ್ರೀ ಇದು? ಗಂಗಲಕ್ಷ್ಮಮ್ಮ ಅಳ್ತಾ ಫೋನ್ ಮಾಡಿದ್ರು. ಎರಡು ತಿಂಗಳಾದ್ಮೇಲೆ ಮಾತಾಡ್ತಾ ಅವ್ರೆ, 'ಅಳ್ಬೇಡ ಕವಿತಾ, ನಾನು ಮೂರು ಹೊತ್ತೂ ನೋಡ್ಕೋತೀನಿ' ಅಂತಾರೆ. ನಾನು ಈಗ್ಲೇ ಬಸ್ಸು ಹತ್ತಲಾ?"

"ಬ್ಯಾಡ ಬ್ಯಾಡ. ನಂಗೇನೂ ಆಗಿಲ್ಲ," ಎಂದು ಸಿದ್ದರಾಜು ಪಿಸುದನಿಯಲ್ಲಿ ಎಲ್ಲವನ್ನೂ ಹೇಳಿದ.

"ನಾಚಿಕೆ ಆಗಲ್ವೇನ್ರೀ ನಿಮಗೆ?" ಎಂದಳು ಕವಿತ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ನಿಜವಾಗಿಯೂ ತಿಳಿದುಕೊಳ್ಳಲೆಂದು ಕೇಳಿದಂತಿತ್ತು. "ಮನೆ ಹೋದ್ರೆ ಇನ್ನೊಂದು ನೋಡ್ಬೋದು. ಆ ಅಜ್ಜಿ ಮುಖ ಹೆಂಗ್ರೀ ನೋಡ್ತೀರಾ ನಾಳೆ? ನಾನು ಹೆಂಗ್ ನೋಡ್ಲಿ? ಈಗ್ಲೇ ಹೋಗಿ ಹೇಳ್ಬಿಡಿ."

ಹೇಳಿಬಿಡುವುದೇ ಸರಿ ಎಂದು ಅವನು ಎದ್ದು ಚಿಲಕಕ್ಕೆ ಕೈ ಹಾಕಿದ. ಅದೇ ಹೊತ್ತಿಗೆ ಬೀದಿಯ ತಿರುವಿನಲ್ಲಿ ಕಾರಿನ ಹಾರನ್ ಕೇಳಿಸಿತು. ಕೈ ಚಿಲಕದ ಮೇಲೇ ನಿಂತಿತು. ಇನ್ನೊಂದು ಗಳಿಗೆ. ಇವರೊಬ್ಬರು ಹೋಗಿಬಿಡಲಿ. ಆಮೇಲೆ ಹೇಳಿದರಾಯಿತು.

ಕಿಟಕಿಯ ಸಂದಿಯಲ್ಲಿ ನೋಡಿದ. ಕಾರಿನಿಂದ ನವೀನ್‌ಕುಮಾರ್ ನಗುತ್ತ ಇಳಿದ. ಗೇಟಿನ ಬಿದಿರು, ಬೇವು, ಚಾರ್ಟು ಕಂಡು ನಗು ಹಾಗೇ ಕಲ್ಲಾಯಿತು. ಅವನ ಹಿಂದೆ ಮುಖಕ್ಕೆ ಎರಡೆರಡು ಮಾಸ್ಕು ಹಾಕಿದ್ದ ಗಂಡ ಹೆಂಡತಿ ಇಳಿದರು. ಆ ದೇವೇಂದ್ರ ಎಂಬಾತ ಚಾರ್ಟನ್ನು ಓದಿ, ಮೂರು ಹೆಜ್ಜೆ ಹಿಂದಕ್ಕೆ ಹಾರಿ, ಹೆಂಡತಿಯ ಕೈ ಹಿಡಿದು ಎಳೆದ. ಇಬ್ಬರೂ ಕಾರಿನೊಳಕ್ಕೆ ಹೊಕ್ಕರು. ಬೈಲಪ್ಪ ಹಳೆಯ ಗತ್ತಿನಲ್ಲಿ ಮುಂದೆ ಬಂದು, "ಬರ್ಲಿ, ಬರ್ಲಿ, ಹಿಂದೆ ಚರಂಡಿ ಐತೆ, ರೈಟ್ ಕಟ್ ಮಾಡಿ," ಎಂದು ಕಾರನ್ನು ಹಿಂದಕ್ಕೆ ತೆಗೆಸತೊಡಗಿದ.

ಗೆದ್ದೆ ಎಂದುಕೊಂಡ ಸಿದ್ದರಾಜು. ಗೆದ್ದವನಿಗೆ ಇರಬೇಕಾದ ಸಂತೋಷ ಎಲ್ಲಿದೆ ಎಂದು ಎದೆಯೊಳಗೆ ಹುಡುಕಿದ. ಬೇವಿನ ಕಷಾಯದ ಕಹಿ ಮಾತ್ರ ಸಿಕ್ಕಿತು.

ಆದರೆ ಕಾರು ಹೋಗಲಿಲ್ಲ. ಬೀದಿಯ ತುದಿಯಲ್ಲಿ ನಿಂತಿತು. ದೇವೇಂದ್ರ ಮತ್ತೆ ಇಳಿದು ಬೈಲಪ್ಪನ ಜೊತೆ ದೂರದಲ್ಲೇ ನಿಂತು ಮಾತಾಡಿದ. ಗಂಗಲಕ್ಷ್ಮಮ್ಮ ಸೇರಿಕೊಂಡು ದೋಟಿ, ಕ್ಯಾರಿಯರ್ ಎತ್ತಿ ತೋರಿಸುತ್ತ ಕೈ ಬೀಸಿ ಏನೋ ವಿವರಿಸಿದಳು. ಎಲ್ಲರೂ ಸಪ್ಪಲಮ್ಮನ ಕಡೆ ನೋಡಿದರು. ದೇವೇಂದ್ರನ ಹೆಂಡತಿ ಸಪ್ಪಲಮ್ಮನ ಹತ್ತಿರ ಬಂದು ಏನೋ ಕೇಳಿ, ಒಂದು ಮೊಳ ಕಾಕಡ ಹೂ ತೆಗೆದುಕೊಂಡು, ಕಣ್ಣು ಒರೆಸಿಕೊಂಡು ಹೋದಳು. ಒಂದು ಮಾತೂ ಸಿದ್ದರಾಜುವಿಗೆ ಕೇಳಿಸಲಿಲ್ಲ. ರೋಗದ ಮನೆ ಎಂದು ಊರಿಗೆಲ್ಲ ಹೇಳುತ್ತಿದ್ದಾರೆ, ಒಳ್ಳೆಯದೇ ಆಯಿತು ಎಂದುಕೊಂಡ. ಕಾರು ಹೊರಟುಹೋಯಿತು.

ಈಗ ಹೇಳಲೇಬೇಕು. ಬಾಗಿಲು ತೆಗೆದು ಅಂಗಳಕ್ಕೆ ಬಂದ.

"ನಿಮಗೆಲ್ಲ ಒಂದು ವಿಷ್ಯ ಹೇಳ್ಬೇಕು. ನಂಗೆ ಕೊರೊನಾ ಇಲ್ಲ!"

ಬೀದಿ ಒಮ್ಮೆಲೇ ಹಿಂದಕ್ಕೆ ಸರಿಯಿತು.

"ಒಳಗೆ ಹೋಗಿ ಮೇಷ್ಟ್ರೇ!" ಎಂದು ಕೂಗಿದ ಬೈಲಪ್ಪ.

"ನಾನು ಹೇಳೋದು ಕೇಳಿ ಬೈಲಪ್ಪ. ಏನೂ ಇಲ್ಲ ನಂಗೆ! ನೋಡಿ ಬೇಕಾದ್ರೆ!" ಎಂದ ಸಿದ್ದರಾಜು, ತನ್ನ ಮಾತಿಗೆ ಬೇರೆ ಸಾಕ್ಷಿ ತೋಚದೆ ನುಗ್ಗೆಮರದ ಕೆಳಗೆ ಭರಭರನೆ ಬಸ್ಕಿ ಹೊಡೆಯತೊಡಗಿದ. ಹೊಟ್ಟೆಯಲ್ಲಿ ಉಪ್ಪಿಲ್ಲದ ಗಂಜಿ, ಮೇಲೆ ಕಷಾಯ. ನಾಲ್ಕು ಬಸ್ಕಿಗೆ ತಲೆ ತಿರುಗಿತು. ಮರ ಹಿಡಿದುಕೊಂಡು ನಿಂತ.

"ಅಯ್ಯೋ ಶಿವನೇ, ಜ್ವರ ತಲೆಗೇರಿಬಿಟ್ಟದೆ!" ಎಂದಳು ಗಂಗಲಕ್ಷ್ಮಮ್ಮ. "ನಮ್ಮ ಮಾವನೂ ಹಿಂಗೇ, ಕೊನೆ ದಿನ ನಂಗೇನೂ ಇಲ್ಲ, ಗದ್ದೆಗೆ ಹೋಗ್ತೀನಿ ಅಂದಿದ್ರು."

"ಒಳಗೆ ಹೋಗಪ್ಪ ಮಗ," ಎಂದಳು ಸಪ್ಪಲಮ್ಮ. ಅವಳೊಬ್ಬಳು ಹಿಂದೆ ಸರಿದಿರಲಿಲ್ಲ. "ಹೆದರ್ಕೋಬ್ಯಾಡ. ಮುತ್ಯಾಲಮ್ಮಂಗೆ ತಂಬಿಟ್ಟಿನಾರತಿ ಹೊತ್ಕೊಂಡಿದ್ದೀನಿ ನಿನ್ನ ಹೆಸ್ರಲ್ಲಿ. ನೀನು ಎದ್ದು ಓಡಾಡ್ತೀಯ ನೋಡು."

ಸಿದ್ದರಾಜು ಅವಳ ಮುಖ ನೋಡಿದ. ಅವಳಿಗೆ ಬಿಡಿಸಿ ಹೇಳಬೇಕಾದರೆ ಏನು ಹೇಳಬೇಕು? ಅಜ್ಜಿ, ನಿನ್ನ ಗಂಡನನ್ನು ತಿಂದ ರೋಗವನ್ನು ನಾನು ಮನೆ ಉಳಿಸಿಕೊಳ್ಳುವುದಕ್ಕೆ ಗೇಟಿಗೆ ತೂಗುಹಾಕಿದೆ, ಎಂದು? ತಲೆ ತಗ್ಗಿಸಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಕನ್ನಡಿಯಲ್ಲಿ ತನ್ನ ಮುಖ ಕಾಣಿಸೀತೆಂದು ಅದರ ಮೇಲೆ ಟವೆಲು ಹಾಕಿದ.

ಮಧ್ಯಾಹ್ನ ಮತ್ತೆ ಗಂಜಿ ಬಂತು. ಮೂರು ಗಂಟೆಯ ಸುಮಾರಿಗೆ ಕಷಾಯ. ಬೈಲಪ್ಪ ಬೇಜಾರು ಕಳೆಯಲೆಂದು ಕಾಂಪೌಂಡಿನ ಆ ಕಡೆ ಕುರ್ಚಿ ಹಾಕಿಕೊಂಡು, ತಾನು ಘಾಟಿಯಲ್ಲಿ ಬಸ್ಸು ಉಳಿಸಿದ ಕತೆಯನ್ನು ಗಟ್ಟಿಯಾಗಿ ಹೇಳಿದ. ಸಿದ್ದರಾಜು ಆ ಕತೆಯನ್ನು ಇಪ್ಪತ್ತು ಸಲ ತಪ್ಪಿಸಿಕೊಂಡಿದ್ದ. ಇವತ್ತು ಪೂರ್ತಿ ಕೇಳಿದ. ನಡುನಡುವೆ ಹೂಂಗುಟ್ಟಿದ. ಅಷ್ಟಾದರೂ ತೀರಿಸಬೇಕಲ್ಲ.

ಸಂಜೆ ನಾರಾಯಣಮ್ಮನ ಫೋನು ಬಂತು.

"ಎಂಗಿದ್ದೀಯಪ್ಪ ಸಿದ್ದರಾಜು? ನವೀನ ಹೇಳ್ದ. ನನ್ನ ಜೀವ ಹೊಡ್ಕೋತಾ ಇತ್ತು. ಈ ಹೊತ್ತಲ್ಲಿ ಮನೆ ವಿಷ್ಯ ಎತ್ತಬಾರ್ದು. ಆದ್ರೆ ನಿನಗೆ ಹೇಳ್ದೆ ಯಾರಿಗೆ ಹೇಳ್ಲಿ? ಮನೆ ಮಾರಾಟ ಆಯ್ತು ಕಣಪ್ಪ."

ಸಿದ್ದರಾಜುವಿಗೆ ಕೊಂಡವರು ಬೇರೆ ಯಾರೋ ಎಂದೇ ಅನಿಸಿತು. "ಯಾರಿಗಮ್ಮ?"

"ಅವ್ರೇ, ಬೆಳಿಗ್ಗೆ ಬಂದಿದ್ರಲ್ಲ, ದೇವೇಂದ್ರ. ಹೊಸಿಲೂ ದಾಟಿಲ್ವಂತೆ, ಹೇಳಿದ ಬೆಲೆಗೇ ಒಪ್ಕೊಂಡು ಅಡ್ವಾನ್ಸ್ ಕಳಿಸ್ಬಿಟ್ರು. ನಿನ್ನ ಹತ್ರ ಮಾತಾಡ್ಬೇಕಂತೆ, ತಡಿ, ನವೀನ ಲೈನ್ ಕೊಡ್ತಾನೆ."

ಫೋನಿನಲ್ಲಿ ಏನೋ ಕರಕರ ಎಂದು, ನಯವಾದ ದನಿಯೊಂದು ಬಂತು.

"ಸರ್, ದೇವೇಂದ್ರ ಮಾತಾಡ್ತಿರೋದು. ನಿಮಗೆ ಈಗ ತೊಂದ್ರೆ ಕೊಡಬಾರ್ದು. ಆದ್ರೆ ಥ್ಯಾಂಕ್ಸ್ ಹೇಳ್ಲೇಬೇಕು. ಆ ಬೋರ್ಡ್ ನೋಡಿ ನಾವು ಹೊರಟೇಬಿಟ್ಟಿದ್ವಿ. ಆಮೇಲೆ ಆ ಅಜ್ಜಿ ಕಣ್ಣಿಗೆ ಬಿದ್ರು. ಹೋದ ವರ್ಷ ನಮ್ಮಿಬ್ರಿಗೂ ಬಂದಿತ್ತು ಸರ್. ಅಪಾರ್ಟ್‌ಮೆಂಟ್‌ನೋರು ನಮ್ಮ ಬಾಗಿಲಿಗೆ ಅಡ್ಡ ತಗಡು ಹೊಡೆಸಿಬಿಟ್ರು. ವಾಟ್ಸಾಪಲ್ಲಿ ಹೂವಿನ ಚಿತ್ರ ಕಳಿಸ್ತಿದ್ದೋರು ಬಾಗಿಲ ಹತ್ರ ಒಂದು ಲೋಟ ಬಿಸಿನೀರು ಇಡ್ಲಿಲ್ಲ. ನನ್ನ ಹೆಂಡ್ತಿ ಆ ಹದಿನಾಲ್ಕು ದಿನ ಮರೆತಿಲ್ಲ. ನಾವು ಒಂದು ವರ್ಷದಿಂದ ಮನೆ ಹುಡುಕ್ತಿದ್ದೀವಿ ಅಂದ್ಕೊಂಡಿದ್ವಿ. ಹುಡುಕ್ತಾ ಇದ್ದದ್ದು ಇಂಥ ಬೀದೀನ ಅಂತ ಇವತ್ತು ಗೊತ್ತಾಯ್ತು ಸರ್. ಬಾಡಿಗೆಗಿರೋ ಮನುಷ್ಯನಿಗೇ ಇಷ್ಟು ಮಾಡ್ತಾರೆ ಅಂದ್ರೆ! ಮನೆ ಒಳಗೆ ಹೆಂಗಾದ್ರೂ ಇರ್ಲಿ, ನೋಡೋದೇ ಬೇಡ ಅಂದ್ಲು."

ಸಿದ್ದರಾಜು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. ಆ ಕಿವಿಗೂ ಅದೇ ಕೇಳಿಸಿತು.

"ಮತ್ತೆ ನೀವು ಸರ್," ಎಂದ ದೇವೇಂದ್ರ, "ಮುಚ್ಚಿಡ್ದೆ, ಯಾರಿಗೂ ಹೆದರ್ದೆ, ನೀವೇ ಕೈಯಾರೆ ಬೋರ್ಡ್ ಬರೆದು ಹಾಕಿದ್ದೀರಲ್ಲ. ಮೂಲೇಲಿ ಸೂರ್ಯ ಬೇರೆ, ಜನ ಧೈರ್ಯ ಕಳ್ಕೋಬಾರ್ದು ಅಂತ! ಈ ಕಾಲದಲ್ಲಿ ಇಷ್ಟು ಪ್ರಾಮಾಣಿಕರು ಎಲ್ಲಿ ಸಿಗ್ತಾರೆ? ನೀವು ಖಾಲಿ ಮಾಡ್ಬೇಕಲ್ಲ ಅನ್ನೋದೊಂದೇ ಬೇಜಾರು. ಪೂರ್ತಿ ವಾಸಿಯಾಗ್ಲಿ, ಆಮೇಲೆ ಒಂದು ತಿಂಗಳು ಆರಾಮಾಗಿ ತಗೊಳ್ಳಿ ಸರ್."

ಒಂದೇ ಒಂದು ಮಾತು ಹೇಳಿದರೆ ಸಾಕಿತ್ತು: ಬೋರ್ಡು ಸುಳ್ಳು ಎಂದು. ಹೇಳಿದರೆ ಬೆಳಗಾಗುವಷ್ಟರಲ್ಲಿ ಬೀದಿಗೆಲ್ಲ ತಿಳಿಯುತ್ತಿತ್ತು; ಈ ಬೀದಿ ನಾಳೆಯಿಂದ ಹೀಗೆಯೇ ಇರುತ್ತದೆ ಎಂಬ ನಂಬಿಕೆ ಇರಲಿಲ್ಲ; ವ್ಯಾಪಾರ ಮುರಿದುಬೀಳಬಹುದಿತ್ತು; ಮನೆ ಇನ್ನಷ್ಟು ದಿನ ಉಳಿಯಬಹುದಿತ್ತು. ಸಿದ್ದರಾಜು ಕಿಟಕಿಯತ್ತ ನೋಡಿದ. ಎದುರು ಜಗಲಿಯಲ್ಲಿ ಹೂವೆಲ್ಲ ಮುಗಿದು ಖಾಲಿ ಬುಟ್ಟಿಯ ಪಕ್ಕದಲ್ಲಿ ಸಪ್ಪಲಮ್ಮ ಸುಮ್ಮನೆ ಕೂತಿದ್ದಳು. ಗಂಗಲಕ್ಷ್ಮಮ್ಮ ಅವಳಿಗೆ ಕಾಫಿ ತಂದುಕೊಡುತ್ತಿದ್ದಳು.

"ಸರ್? ಇದ್ದೀರಾ ಸರ್?"

"ಇದ್ದೀನಿ," ಎಂದ ಸಿದ್ದರಾಜು. ಆಮೇಲೆ, ಯಾರೂ ಕೇಳದಿದ್ದರೂ, ಮೆಲ್ಲಗೆ ಒಂದು ಸಲ ಕೆಮ್ಮಿದ.

"ಅಯ್ಯೋ, ರೆಸ್ಟ್ ಮಾಡಿ ಸರ್, ರೆಸ್ಟ್ ಮಾಡಿ," ಎಂದು ದೇವೇಂದ್ರ ಫೋನಿಟ್ಟ.

ಬೀದಿದೀಪ ಹತ್ತಿತು. ಸಿದ್ದರಾಜು ಕಿಟಕಿಯನ್ನು ಪೂರ್ತಿ ತೆರೆದು ಕಂಬಿ ಹಿಡಿದು ನಿಂತ. ಅವನನ್ನು ಕಂಡದ್ದೇ ಸಪ್ಪಲಮ್ಮ ಎದ್ದು ಗೇಟಿನ ಹತ್ತಿರ ಬಂದಳು.

"ಎಂಗದೆ ಮಗ ಈಗ? ಬೆಳಿಗ್ಗೆಗಿಂತ ವಾಸಿನಾ?"

"ಇಲ್ಲ ಕಣಜ್ಜಿ," ಎಂದ ಸಿದ್ದರಾಜು. "ಬೆಳಿಗ್ಗೆ ಚೆನ್ನಾಗೇ ಇದ್ದೆ. ಈಗ ನಿಜವಾಗ್ಲೂ ಹುಷಾರಿಲ್ಲ."

"ಗಂಗಾ," ಎಂದು ಸಪ್ಪಲಮ್ಮ ಹಿಂದಕ್ಕೆ ತಿರುಗಿ ಕೂಗಿದಳು, "ಇನ್ನೊಂದು ಲೋಟ ಕಷಾಯ ಇಡಮ್ಮ. ಈ ಸಲ ಸ್ವಲ್ಪ ಗಟ್ಟಿಗಿರ್ಲಿ."